ಮಾವನ ಹಾರ್ಡ್ ಡಿಸ್ಕ್ ಪರೀಕ್ಷೆ

ನಮ್ಮ ಸೋದರಮಾವ ಬೀಳಿಸಿ ನೋಡದೆ ಮನೆಗೆ ತಂದದ್ದು ಅಂದರೆ ನಮ್ಮ ಅತ್ತೆಯೊಬ್ಬರನ್ನೇ. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಮನುಷ್ಯ. ಟಾರ್ಚು, ಕೊಡೆ, ಫ್ಲಾಸ್ಕು, ಯಾವುದೂ ಅವರ ಕೈಯಿಂದ ಒಮ್ಮೆ ನೆಲ ಕಾಣದೆ ಬಳಕೆಗೆ ಬಂದಿಲ್ಲ. ಫ್ಲಾಸ್ಕುಗಳು ಎಷ್ಟು ಹೋದವು ಎಂದು ಅತ್ತೆಯನ್ನು ಕೇಳಬಾರದು!

ಇಂಥವರು ಹಾರ್ಡ್ ಡಿಸ್ಕ್ ಕೊಳ್ಳಲು ಹೊರಟರೆ ಏನಾಗಬೇಡ? ಆದರೆ ಕಾರಣ ನಗುವಂಥದ್ದಲ್ಲ. ನಮ್ಮಮ್ಮ, ಅಂದರೆ ಅವರ ಅಕ್ಕ, ಶ್ರೀನಗರದ ನಮ್ಮ ಬೀದಿಯ ಪ್ರತಿ ನಾಮಕರಣದಲ್ಲೂ ತೊಟ್ಟಿಲ ಹಾಡು ಹಾಡಿದವಳು. ತೊಂಬತ್ತರ ದಶಕದಲ್ಲಿ ಮಾವ ಟೇಪ್ ರೆಕಾರ್ಡರ್ ಹೊತ್ತು ಅವಳ ಹಿಂದೆ ಮನೆಮನೆ ಅಲೆದು ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಸಿದ್ದರು. ಆಮೇಲೆ ಕತ್ರಿಗುಪ್ಪೆಯ ತಮ್ಮ ಮನೆಯ ಕಂಪ್ಯೂಟರಿಗೂ ಏರಿಸಿದ್ದರು. ಕೆಲವು ವರ್ಷಗಳ ನಂತರ ಗಂಟಲಿನ ಆಪರೇಷನ್ ಆಗಿ ಅಮ್ಮನ ಧ್ವನಿ ಹೋಯಿತು. ಅದಾದ ವರ್ಷಕ್ಕೆ ನನಗೆ ಮಗಳು ಹುಟ್ಟಿದಳು. ಬೀದಿಯ ಮಕ್ಕಳಿಗೆಲ್ಲ ಹಾಡಿದವಳಿಗೆ ಸ್ವಂತ ಮೊಮ್ಮಗಳಿಗೆ ಹಾಡಲು ಧ್ವನಿಯಿಲ್ಲ. ಅಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬರೀ ತುಟಿ ಆಡಿಸುವುದನ್ನು ಮಾವ ಒಂದು ದಿನ ನೋಡಿದರು. ನಾಮಕರಣಕ್ಕೆ ಅಕ್ಕನ ಧ್ವನಿಯನ್ನು ತಾವು ತರುವುದಾಗಿ ಹೇಳಿ ಎದ್ದು ಹೋದರು.

ಸಿಡಿಯಲ್ಲಿ ತರಬಾರದೇ ಎಂದೆ. ಸಿಡಿಗೆ ಗೀರು ಬೀಳುತ್ತದಂತೆ! ನನ್ನನ್ನೂ ಎಳೆದುಕೊಂಡು ಜಯನಗರದ ಅಂಗಡಿಯೊಂದಕ್ಕೆ ಹೋದರು. ಅಂಗಡಿಯವನು ಐದಾರು ಡಿಸ್ಕು ತೆಗೆದಿಟ್ಟ. ಮಾವ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಸಾರ್, ಅದು ಹಾರ್ಡ್ ಡಿಸ್ಕು, ತೆಂಗಿನಕಾಯಿ ಅಲ್ಲ," ಎಂದ ಅವನು.

"ತೆಂಗಿನಕಾಯಿ ಕೆಟ್ಟಿದ್ರೆ ಇನ್ನೊಂದು ಒಡೀಬಹುದು ಕಣಪ್ಪಾ. ಇದ್ರಲ್ಲಿ ನಮ್ಮಕ್ಕ ಇರ್ತಾಳೆ."

ಅವನ ನಗು ನಿಂತಿತು. ದೊಡ್ಡ ಡಿಸ್ಕಿಗೆ ಬೇರೆ ಕರೆಂಟು ಬೇಕು, ಓಡಾಡುವವರಿಗೆ ಅಂಗೈ ಅಗಲದ್ದು ಸಾಕು, ರಬ್ಬರ್ ಹೊದಿಕೆ ಇರಲಿ, ಒಳಗೆ ತಿರುಗುತ್ತಿರುವಾಗ ಮಾತ್ರ ಕದಲಿಸಬೇಡಿ ಎಂದು ತಾಳ್ಮೆಯಿಂದ ಹೇಳಿಕೊಟ್ಟ. ಮಾವ ಎಲ್ಲ ಕೇಳಿ, ಸ್ಕೂಟರ್ ಸೀಟಿನ ಎತ್ತರದಿಂದ ಒಮ್ಮೆ ಬೀಳಿಸಬಹುದೇ ಎಂದರು. ಬಿಲ್ ಆದ ಮೇಲೆ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಅವನು ಮುಖ ತಿರುಗಿಸಿದ.

ಮಾವ ಮಾಡಿಕೊಂಡರು. ಡಿಸ್ಕು ಚಾಪೆಯ ಮೇಲೆ ಬಿತ್ತು, ತಾರಸಿಯ ಬಿಸಿಲಲ್ಲಿ ಕೂತಿತು. ಟವೆಲ್ ಸುತ್ತಿಸಿಕೊಂಡು ಅತ್ತೆಯ ಚಕ್ಕುಲಿ ಡಬ್ಬಿ ಸೇರಿ, ಸ್ಕೂಟರಿನಲ್ಲಿ ಕತ್ರಿಗುಪ್ಪೆಯ ಹಂಪುಗಳನ್ನೆಲ್ಲ ಒಂದು ವಾರ ಹಾರಿತು. ದಿನಾ ಮನೆಗೆ ಬಂದು ಎಲ್ಲ ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿ ತಪಾಸಣೆ. ಚಕ್ಕುಲಿಗಳು ಆ ವಾರ ಪೇಪರಿನ ಮೇಲೆ ಮೆತ್ತಗಾದವು ಎಂಬುದು ಅತ್ತೆಯ ದೂರು.

ನಾಮಕರಣದ ದಿನ ಡಬ್ಬಿ ಸುರಕ್ಷಿತವಾಗಿ ಬಂತು. ಡಿಸ್ಕನ್ನು ನಮ್ಮ ಕಂಪ್ಯೂಟರಿಗೆ ಜೋಡಿಸಿದ್ದಾಯಿತು. ಆದರೆ ಕಾರ್ಖಾನೆಯಲ್ಲಿ ಹೊಸ ಮಷೀನನ್ನು ಪೂಜೆ ಮಾಡದೆ ಓಡಿಸಿದವರುಂಟೇ? ಮಾವ ಡಿಸ್ಕಿಗೆ ಅರಿಶಿನ ಕುಂಕುಮ ಹಚ್ಚಿ, ಹೂವನ್ನು ಪಂಚಪಾತ್ರೆಯಲ್ಲಿ ಅದ್ದಿ ಮೂರು ಸಲ ಧಾರಾಳವಾಗಿ ನೀರು ಪ್ರೋಕ್ಷಿಸಿದರು. ಎಲ್ಲ ಪರೀಕ್ಷೆ ಮಾಡಿದ ಮನುಷ್ಯ ನೀರಿನ ಪರೀಕ್ಷೆ ಒಂದನ್ನು ಮರೆತಿದ್ದರು!

ಹಾಡು ಶುರುವಾಯಿತು. ವರ್ಷಕ್ಕೂ ಮಿಕ್ಕಿ ಕಳೆದ ಮೇಲೆ ಆ ಮನೆಯಲ್ಲಿ ಅಮ್ಮನ ಧ್ವನಿ. ಮಗುವನ್ನೆತ್ತಿಕೊಂಡು ನಿಂತಿದ್ದ ಅಮ್ಮ ಕಣ್ಣು ಮುಚ್ಚಿದಳು. ಒಂದು ನುಡಿ ಮುಗಿದು ಎರಡನೆಯದು ಹಿಡಿಯುವಷ್ಟರಲ್ಲಿ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಪುರೋಹಿತರು ಗಡಿಯಾರ ನೋಡಿದರು. ಕತ್ರಿಗುಪ್ಪೆಗೆ ಹೋಗಿ ಬರುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಅಮ್ಮ ಕಣ್ಣು ತೆರೆದು ತಲೆ ತಗ್ಗಿಸಿದಳು. ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಗ ಅವರು ಹಾಡಿದರು. ತೊಟ್ಟಿಲ ಹಾಡನ್ನು ಗಂಡಸೊಬ್ಬ ಹಾಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೈಕಟ್ಟಿ ನಿಂತು, ಒಡಕು ಧ್ವನಿಯಲ್ಲಿ, ಡಿಸ್ಕಿನಲ್ಲಿ ಹಾಡು ನಿಂತಲ್ಲಿಂದಲೇ ಎತ್ತಿಕೊಂಡು, ಒಂದಕ್ಷರ ತಪ್ಪದೆ. ಕ್ಯಾಸೆಟ್ಟಿನಲ್ಲಿ ಮೂರನೆಯ ನುಡಿಯ ನಡುವೆ ಅಮ್ಮ ಒಮ್ಮೆ ಕೆಮ್ಮುತ್ತಾಳೆ. ಮಾವ ಅಲ್ಲಿಗೆ ಬಂದಾಗ ನಿಲ್ಲಿಸಿ, ಕೆಮ್ಮಿ, ಮುಂದುವರಿದರು.

ಅಮ್ಮ ಸದ್ದಿಲ್ಲದೆ ನಗುತ್ತ, ಅಳುತ್ತ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ತೂಗುವ ಹಗ್ಗವನ್ನು ತಮ್ಮನ ಕೈಗೆ ಕೊಟ್ಟಳು.