ಸಿದ್ದಮ್ಮನ ಓಟು

ಕೆಂಪಾಪುರದ ಮದುವೆಯಲ್ಲಿ ಮೊದಲ ತಾಂಬೂಲ ಚನ್ನಲಿಂಗಪ್ಪನಿಗೆ ಹೋದದ್ದೇ ಎಲ್ಲದಕ್ಕೂ ಮೂಲ. ತಟ್ಟೆ ತನ್ನತ್ತ ಬಂತೆಂದು ಗುಡೇಮಾರನಹಳ್ಳಿಯ ಬೋರಲಿಂಗಯ್ಯ ಕೈ ನೀಡಿಯೇ ಬಿಟ್ಟಿದ್ದ. ಅದು ಅವನ ಮೂಗಿನ ಕೆಳಗೇ ಹಾದು ಮಾಗಡಿ ಪೇಟೆಯ ಚನ್ನಲಿಂಗಪ್ಪನ ಮುಂದೆ ನಿಂತಿತು. "ಮೆಂಬರ್ರು ಮೊದ್ಲು" ಎಂದರು ಬೀಗರು.

ಚನ್ನಲಿಂಗಪ್ಪ ಪ್ರಜಾಪ್ರತಿನಿಧಿ ಸಭೆಯ ಮೆಂಬರು. ದಸರೆಗೆ ಮೈಸೂರಿಗೆ ಹೋಗಿ, ಜರಿಪೇಟ ಸುತ್ತಿ, ದಿವಾನರೆದುರು ಕುರ್ಚಿಯಲ್ಲಿ ಕೂತು ಬರುತ್ತಿದ್ದ. ಒಂಬತ್ತು ವರ್ಷದಿಂದ ಅವನು ಕೇಳುತ್ತಿದ್ದುದು ಒಂದೇ, ಹಳ್ಳಕ್ಕೊಂದು ಸೇತುವೆ. ಸರ್ಕಾರ ಹೇಳುತ್ತಿದ್ದುದೂ ಒಂದೇ, ಪರಿಶೀಲಿಸುತ್ತೇವೆ. ಬೋರಲಿಂಗಯ್ಯನಿಗೆ ಸೇತುವೆಯ ಚಿಂತೆ ಇರಲಿಲ್ಲ. ಅವನ ಹೊಟ್ಟೆ ಉರಿಯುತ್ತಿದ್ದುದು ಆ ಕುರ್ಚಿಗೆ, ಆ ಪೇಟಕ್ಕೆ. ಮುಂದಿನ ಚುನಾವಣೆಗೆ ನಿಂತೇಬಿಟ್ಟ.

ಹೆಚ್ಚು ಕಂದಾಯ ಕಟ್ಟುವವರಿಗಷ್ಟೇ ಓಟು. ಸುತ್ತಿನಲ್ಲಿ ಅಂಥವರು ಇಪ್ಪತ್ತೇಳೇ ಜನ. ಆ ಸಲ ಹೆಂಗಸರಿಗೂ ಓಟು ಬಂದಿದ್ದರಿಂದ, ತವರಿನ ಜಮೀನು ತಮ್ಮ ಹೆಸರಲ್ಲಿದ್ದ ಇಬ್ಬರು ಆ ಇಪ್ಪತ್ತೇಳರಲ್ಲೇ ಸೇರಿದ್ದರು. ಒಬ್ಬಳು ಚನ್ನಲಿಂಗಪ್ಪನ ಹೆಂಡತಿ ಗಿರಿಜಾಂಬ, ಇನ್ನೊಬ್ಬಳು ಬೋರಲಿಂಗಯ್ಯನ ಹೆಂಡತಿ ಸಿದ್ದಮ್ಮ. ಓದು ಬರದವರು ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರ ಮೇಜಿನ ಮುಂದೆ ನಿಂತು, ತಮಗೆ ಬೇಕಾದವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು.

ಅಲ್ಲೇ ತೊಡಕು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ಸಿದ್ದಮ್ಮ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅದನ್ನು ನಾಲಿಗೆಗೆ ತಂದವಳಲ್ಲ. ಚುನಾವಣೆಯ ಬೆಳಿಗ್ಗೆ ಬೋರಲಿಂಗಯ್ಯ ಗಾಡಿಯಲ್ಲಿ ದಾರಿಯುದ್ದಕ್ಕೂ ಗೋಗರೆದ.

"ಒಂದೇ ಒಂದ್ಸಲ ಅಂದ್ಬುಡು ಕಣೇ."

"ನಿಮ್ಗೇನಾರ ಆಗ್ಬುಟ್ರೆ?"

"ಆದ್ರೆ ಆಗ್ಲಿ, ಮೆಂಬರಾಗೇ ಸಾಯ್ತೀನಿ!"

ಸಿದ್ದಮ್ಮ ಕಣ್ಣೊರೆಸಿಕೊಂಡು, ಸೋಮೇಶ್ವರನಿಗೆ ತಪ್ಪುಕಾಣಿಕೆ ಮುಡಿಪಿಟ್ಟು, ಕೊನೆಗೆ ಒಪ್ಪಿದಳು.

ಮಧ್ಯಾಹ್ನದ ಹೊತ್ತಿಗೆ ಬೋರಲಿಂಗಯ್ಯನ ಪಕ್ಕದ ಮನೆಯ ಅಂಕಯ್ಯ ಕಚೇರಿಯ ಕಿಟಕಿಗೆ ಅಂಟಿಕೊಂಡು ವರದಿ ಕೊಡುತ್ತಿದ್ದ. "ಅವ್ನಿಗೆ ಅದಿಮೂರು, ನಿಂಗೆ ಅನ್ನೆರ್ಡು ಕಣ್ಲಾ! ಉಳ್ದಿರೋದು ಎಂಗಸ್ರು ಇಬ್ರೇಯ."

ಗಿರಿಜಾಂಬ ರೇಷ್ಮೆ ಸೆರಗು ಹೊದ್ದು ಮುಂದೆ ಬಂದಳು.

"ಯಾರಿಗಮ್ಮ ಓಟು?" ಎಂದರು ಅಮಲ್ದಾರರು.

"ನಮ್ಮ ಮನೆಯವ್ರಿಗೆ."

"ಹೆಸರು ಬೇಕು."

"ನಮ್ಮ ಪುಟ್ಟನ ಅಪ್ಪಂಗೆ."

"ಹಾಗಂತ ಯಾರೂ ನಿಂತಿಲ್ಲ. ಇರೋ ಎರಡು ಹೆಸರಲ್ಲಿ ಒಂದನ್ನು ಹೇಳಿ. ಇಲ್ಲದಿದ್ದರೆ ಓಟು ರದ್ದು."

ಹೊರಗಿನಿಂದ ಹತ್ತು ಜನ ಹತ್ತು ಸಲಹೆ ಕೂಗಿದರು. ಗಿರಿಜಾಂಬ ಬೆವೆತುಹೋದಳು. ಆ ಎರಡರಲ್ಲಿ ಅವಳು ಹೇಳಬಹುದಾದದ್ದು ಒಂದೇ ಹೆಸರು. "ಬೋರಲಿಂಗಯ್ಯ!" ಎಂದು ಗಟ್ಟಿಯಾಗಿ ಹೇಳಿ, ಸರಸರನೆ ಹೊರಟುಹೋದಳು.

ಚನ್ನಲಿಂಗಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಈಗ ಇಬ್ಬರೂ ಸಮ. ಉಳಿದಿದ್ದುದು ಸಿದ್ದಮ್ಮನ ಓಟೊಂದೇ. ಬೋರಲಿಂಗಯ್ಯ ಕುಣಿಯುವುದೊಂದು ಬಾಕಿ.

"ಚಿನ್ನದಂತಾ ಎಂಗ್ಸು ಕಣ್ಲಾ ಅಂಕಾ! ನನ್ನೆಸ್ರ ಎಷ್ಟು ಚೆಂದಾಗಿ ಅಂದ್ಲು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಸಿದ್ದಮ್ಮನಿಗೂ ಕೇಳಿಸಿತು.

ಗಿರಿಜಾಂಬನ ಸಂಕಟ ಆ ಅಂಗಳದಲ್ಲಿ ಯಾರಿಗಾದರೂ ಅರ್ಥವಾಗಬೇಕಿದ್ದರೆ ಅದು ಸಿದ್ದಮ್ಮನಿಗೇ. ಆದರೆ ಹೊಟ್ಟೆಕಿಚ್ಚು ಹತ್ತಿಕೊಂಡ ಮೇಲೆ ಅರ್ಥ ಮಾಡಿಕೊಳ್ಳುವವರು ಯಾರು? ಅವಳು ದಡದಡನೆ ಹೋಗಿ ಮೇಜಿನ ಮುಂದೆ ನಿಂತಳು. ಬೋರಲಿಂಗಯ್ಯ ಕಣ್ಸನ್ನೆ ಮಾಡಿದ. ಅವಳು ಅತ್ತ ನೋಡಲೇ ಇಲ್ಲ.

"ಯಾರಿಗಮ್ಮ?"

"ಚನ್ನಲಿಂಗಪ್ಪ!"

ಅಂಗಳವೆಲ್ಲ ಹೋ ಎಂದಿತು. ಚನ್ನಲಿಂಗಪ್ಪ ಒಂದು ಓಟಿನಿಂದ ಮತ್ತೆ ಮೆಂಬರಾದ.

ಗಾಡಿ ಊರ ದಾರಿ ಹಿಡಿದದ್ದೇ ಬೋರಲಿಂಗಯ್ಯ ಹೆಂಡತಿಯತ್ತ ತಿರುಗಿದ. "ಯಾಕೇ ಇಂಗ್ ಮಾಡ್ಬುಟ್ಟೆ? ನನ್ನೆಸ್ರ ಅಂತೀನಿ ಅಂತ ಒಪ್ಕಂಡಿದ್ದೆ ತಾನೆ?"

"ಇಪ್ಪತ್ತು ವರ್ಸ ಬಾಳ್ವೆ ಮಾಡಿ ನಾನ್ ಅನ್ದೇ ಇರೋ ಎಸ್ರ ಆಯಮ್ಮ ಊರೆದ್ರುಗೆ ಕೂಗ್ಬೋದು, ಅವ್ಳ ಗಂಡನ್ ಎಸ್ರ ನಾನ್ ಕೂಗ್ಬಾರ್ದಾ? ಅದಿರ್ಲಿ, ನಿಮ್ಮೆಸ್ರು ಅವ್ಳ ಬಾಯ್ಗೆ ಅಷ್ಟು ಸಲೀಸಾಗಿ ಎಂಗ್ ಬಂತು? ಮೊದ್ಲು ಅದೇಳಿ."

ಬೋರಲಿಂಗಯ್ಯ ಶಿವನಾಣೆಯಿಟ್ಟು, ಗಂಡನ ಹೆಸರು ಹೇಳಲಾರದ್ದಕ್ಕೇ ಅವಳು ತನ್ನ ಹೆಸರು ಹೇಳಿದ್ದೆಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಸಿದ್ದಮ್ಮ ಒಂದಕ್ಷರವನ್ನೂ ನಂಬಲಿಲ್ಲ.