ಎರಡು ಮನೆಯ ಸಕ್ಕರೆ

ಮನುಕುಲದ ಇತಿಹಾಸವನ್ನು ಅವಲೋಕಿಸಿದರೆ, ಯುದ್ಧ ಹೂಡಿದವರಿಗಿಂತ ಸಂಧಾನಕ್ಕೆ ಹೋದವರೇ ಹೆಚ್ಚು ಪೆಟ್ಟು ತಿಂದಿರುವುದು ಕಂಡುಬರುತ್ತದೆ. ಹಾಗೆಂದು ನಾನು ಇತಿಹಾಸವನ್ನು ಅಷ್ಟೇನೂ ಅವಲೋಕಿಸಿದವನಲ್ಲ. ಇಳಕಲ್ಲಿನ ಹೈಸ್ಕೂಲಿನಲ್ಲಿ ನಾನು ಕಲಿಸುತ್ತಿದ್ದುದು ಗಣಿತ. ಗಣಿತದವನು ಶಾಂತಿಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಏಕೆ ಸೇರಿದನೆಂದು ಎಲ್ಲರೂ ಕೇಳುತ್ತಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳವು. ಅಂಚೆಯಲ್ಲಿ ಪಾಠ ತರಿಸಿಕೊಂಡು ದೊಡ್ಡವರಾಗುವ ಹುಚ್ಚು ನಮ್ಮ ಸ್ಟಾಫ್‌ರೂಮಿಗೆಲ್ಲ ಹಬ್ಬಿತ್ತು. ನಾನು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಉಳಿದ ವಿಷಯಗಳೆಲ್ಲ ಭರ್ತಿಯಾಗಿ ಶಾಂತಿಯೊಂದೇ ಖಾಲಿ ಉಳಿದಿತ್ತು. ಅಪ್ಪ ಮಾತ್ರ, "ಲೇ, ಜಗಳಾ ಬಿಡಿಸಾಕ ಡಿಗ್ರಿ ಯಾಕ ಬೇಕೋ? ದನಿ ಗಟ್ಟಿ ಇದ್ರ ಸಾಕು" ಅಂದಿದ್ದ.

ಪಾಠಗಳು ಬಂದವು. ಮೊದಲನೆಯದರಲ್ಲಿ ಸಂಘರ್ಷ ಕೆಟ್ಟದ್ದೆಂದಿತ್ತು. ಎರಡನೆಯದರಲ್ಲಿ ಸಹಜವೆಂದಿತ್ತು. ಮೂರನೆಯದರಲ್ಲಿ, ಸಂಘರ್ಷವನ್ನು ಮುಗಿಸಲು ಹೋಗಬಾರದು, ಅದಕ್ಕೆ ಬೇರೊಂದು ರೂಪ ಕೊಡಬೇಕು ಎಂದಿತ್ತು. ಯಾವ ರೂಪವೆಂಬುದು ನಾಲ್ಕನೆಯದರಲ್ಲಿ ಇದ್ದೀತೆಂದು ಕಾದೆ. ಅಂಚೆಯವನು ನೆಟ್ಟಗೆ ಐದನೆಯದನ್ನು ತಂದುಕೊಟ್ಟ. ನನ್ನ ಶಾಂತಿಜ್ಞಾನದಲ್ಲಿ ಆ ಜಾಗ ಇವತ್ತಿಗೂ ಖಾಲಿ ಇದೆ. ಐದನೆಯದರಲ್ಲಿ ಕ್ಷೇತ್ರಕಾರ್ಯವಿತ್ತು: ವಿದ್ಯಾರ್ಥಿಯು ನಿಜವಾದ ಒಂದು ವ್ಯಾಜ್ಯದಲ್ಲಿ ಸಂಧಾನ ನಡೆಸಿ ವರದಿ ಬರೆಯತಕ್ಕದ್ದು.

ವ್ಯಾಜ್ಯವನ್ನು ಹುಡುಕಿಕೊಂಡು ಅಲೆಯುವ ಕಷ್ಟ ನನಗೆ ಬರಲಿಲ್ಲ. ಹೆಂಡತಿ ಗಂಗಾ ಬಾದಾಮಿಯ ತವರಿನಲ್ಲಿ ಗಂಡುಮಗು ಹೆತ್ತಿದ್ದಳು. ಚೊಚ್ಚಲ ಮಗನಿಗೆ ತನ್ನ ತಂದೆಯ ಹೆಸರು, ಗುರುಬಸಪ್ಪ, ಇಡಬೇಕೆಂದು ನಮ್ಮಪ್ಪ. ತಮ್ಮ ತಂದೆ ಸಂಗಪ್ಪ ತೀರಿಕೊಂಡ ತಿಂಗಳಲ್ಲೇ ಕೂಸು ಹುಟ್ಟಿದೆ, ಆದ್ದರಿಂದ ಮರಳಿ ಹುಟ್ಟಿ ಬಂದವರು ಅವರೇ, ಹೆಸರೂ ಅವರದೇ ಆಗಬೇಕು ಎಂದು ನಮ್ಮ ಮಾವ. ಬೀಗರಿಬ್ಬರೂ ಮಾತು ಬಿಟ್ಟರು. ಹೆಸರಾಗದೆ ತೊಟ್ಟಿಲಿಲ್ಲ, ತೊಟ್ಟಿಲಾಗದೆ ಬಾಣಂತಿ ಗಂಡನ ಮನೆಗೆ ಬರುವಂತಿಲ್ಲ. ಕೂಸು ಬೋರಲು ಬೀಳಲು ಕಲಿತಿತ್ತು. ಇನ್ನೂ ಅದು 'ಕೂಸು' ಮಾತ್ರ. "ನಿಮ್ಮ ಶಾಂತಿ ಪರೀಕ್ಷಾ ಯಾವಾಗರೆ ಮುಗೀಲಿ. ನನ್ನನ್ನ ಮನಿಗೆ ಕರಕೊಂಡು ಹೋಗೋದು ಯಾವಾಗ್ರಿ?" ಎಂದು ಗಂಗಾ ಕೇಳಿದಳು. ಕಣ್ಣಲ್ಲಿ ನೀರಿತ್ತು. ನಾನು ಪುಸ್ತಕ ತೆರೆದೆ.

ಪುಸ್ತಕದ ಪ್ರಕಾರ ಉಭಯ ಪಕ್ಷಗಳನ್ನೂ ಪ್ರತ್ಯೇಕವಾಗಿ ಭೇಟಿಮಾಡಿ, ನಡುವೆ ಬಾಯಿ ಹಾಕದೆ ಅವರ ಅಳಲನ್ನು ಪೂರ್ತಿ ಕೇಳಬೇಕು. ಬಾದಾಮಿಯ ಪಡಸಾಲೆಯಲ್ಲಿ ಮಾವನವರೆದುರು ಕುಳಿತೆ. ಅವರು ಸಂಗಪ್ಪನವರ ಚರಿತ್ರೆಯನ್ನು ಹುಟ್ಟಿನಿಂದ ಹಿಡಿದರು. ನಾನು ತಟಸ್ಥವಾಗಿ ತಲೆಯಾಡಿಸಿದೆ. ಅತ್ತೆ ಒಂದು ತಾಟಿನಲ್ಲಿ ಸಕ್ಕರೆ ತಂದಿಟ್ಟರು. ಬಾಯಿ ಖಾಲಿ ಇತ್ತು, ಕೈಯೂ ಖಾಲಿ ಇತ್ತು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಂದೆ ಕೇಳಿದೆ. ಮಾವ ತಟ್ಟನೆ ಮಾತು ನಿಲ್ಲಿಸಿ, "ಭಾಳ ಛಲೋ ಆತ್ರಿ ಅಳಿಯಂದ್ರ" ಎಂದು ನನ್ನ ಕೈ ಹಿಡಿದರು. ಮರುದಿನ ಇಳಕಲ್ಲಿನಲ್ಲಿ ಅಪ್ಪನ ಅಳಲು. ಅಲ್ಲಿಯೂ ತಾಟು, ಅಲ್ಲಿಯೂ ಸಕ್ಕರೆ. ಒಂದು ಪಕ್ಷದಲ್ಲಿ ತಿಂದು ಇನ್ನೊಂದು ಪಕ್ಷದಲ್ಲಿ ಬಿಟ್ಟರೆ ತಾಟಸ್ಥ್ಯಕ್ಕೆ ಭಂಗವೆಂದು ಅಲ್ಲಿಯೂ ತಿಂದೆ.

ನಮ್ಮ ಕಡೆ ಹೆಣ್ಣು ಗೊತ್ತಾದರೂ ಸರಿ, ಹೊಲ ಮಾರಿದರೂ ಸರಿ, ಸಕ್ಕರೆ ತಿಂದರೆ ಮಾತು ಕೊಟ್ಟಂತೆ. ಇದು ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಆದರೆ ಅದು ಪುಸ್ತಕದಲ್ಲಿ ಇರಲಿಲ್ಲ.

ತಾನು ಗೆದ್ದೆನೆಂದುಕೊಂಡ ಅಪ್ಪ ಬೀಗರ ಮನೆಗೆ ನಗುತ್ತ ಬಂದ. ತಾವು ಗೆದ್ದೆವೆಂದುಕೊಂಡ ಮಾವ ಕಾಲಿಗೆ ನೀರು ಕೊಟ್ಟು ಬರಮಾಡಿಕೊಂಡರು. ಶಾಂತಿಶಾಸ್ತ್ರದ ಇಂಥ ವಿಜಯವನ್ನು ನಾನು ಯಾವ ಪಾಠದಲ್ಲೂ ಓದಿರಲಿಲ್ಲ. ತೊಟ್ಟಿಲು ಸಿಂಗಾರವಾಯಿತು. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು, ಹೇಳುವಾಗ ಉಳಿದ ಹೆಣ್ಣುಮಕ್ಕಳು ಅವಳ ಬೆನ್ನಿಗೆ ಗುದ್ದುವುದು ನಮ್ಮಲ್ಲಿಯ ಪದ್ಧತಿ. ಗುಳೇದಗುಡ್ಡದಿಂದ ಬಂದಿದ್ದ ನನ್ನ ಅಕ್ಕ ಈರವ್ವ ಬಗ್ಗಿ, "ತಮ್ಮಾ, ಏನಂತ ಹೇಳಲೋ?" ಎಂದಳು.

"ಗುರುಬಸಪ್ಪ" ಎಂದ ಅಪ್ಪ. "ಸಂಗಪ್ಪ" ಎಂದರು ಮಾವ.

"ಬೀಗ್ರ, ನನ್ನ ಮಗಾ ನಮ್ಮ ಮನ್ಯಾಗ ಸಕ್ಕರಿ ತಿಂದಾನ."

"ನಮ್ಮ ಮನ್ಯಾಗೇನು ಉಪ್ಪು ತಿಂದಾರೇನ್ರಿ?"

ಇಬ್ಬರೂ ನನ್ನತ್ತ ತಿರುಗಿದರು. "ಎರಡೂ ಕಡೆ ತಿಂದ್ರೇನ್ರಿ?" ಎಂದಳು ಗಂಗಾ, ಕೂಸಿನ ಟೊಪ್ಪಿಗೆ ಸರಿಮಾಡುವುದನ್ನು ಬಿಟ್ಟು. "ನಾ ಬರೇ ಕೇಳಕೋತ ಕುಂತಿದ್ದೆ" ಎಂದೆ. ತಿಂದದ್ದು ನಾನೋ, ನನ್ನೊಳಗಿನ ವಿದ್ಯಾರ್ಥಿಯೋ ನನಗೇ ತಿಳಿಯದಾಯಿತು. ಅಪ್ಪ ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದು ನಿಂತ. ಅವನು ಹೊಸ್ತಿಲು ದಾಟಿದರೆ ಗಂಗಾ ಬಾದಾಮಿಯಲ್ಲೇ ಉಳಿದಳೆಂದು ಲೆಕ್ಕ.

ಇಷ್ಟರಲ್ಲಿ, ಹಿಂದೆ ನಿಂತು ಏನೂ ಕೇಳಿಸದ ಹೆಣ್ಣುಮಕ್ಕಳು, ಈರವ್ವಕ್ಕ ಬಗ್ಗಿದ್ದಾಳೆಂದರೆ ಹೆಸರು ಹೇಳುತ್ತಿದ್ದಾಳೆಂದೇ ತಿಳಿದು ಗುದ್ದಲು ಶುರುಮಾಡಿದರು. ಬಾದಾಮಿಯವರ ಗುದ್ದು ಹಗುರವಲ್ಲ. ಅಕ್ಕ ಕೂಸಿನ ಕಿವಿಗೆ ಬಾಯಿ ಇಟ್ಟವಳು ಅಲ್ಲಿಯೇ ಚೀರಿದಳು: "ಅಯ್ಯಯ್ಯೋ ಶಿವನ!"

ಮೂಲೆಯಲ್ಲಿ ಕುಳಿತ ಗಂಗಾಳ ಅಜ್ಜಿ, "ಆತ ಬಿಡ್ರಿ. ಕಿವ್ಯಾಗ ಬಿದ್ದದ್ದ ಹೆಸರು" ಅಂದಳು. ಅಪ್ಪ ವಲ್ಲಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಕುಳಿತ. ಮಾವ ರುಮಾಲು ಸರಿಮಾಡಿಕೊಂಡರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಶಿವನನ್ನು ಬೇಡವೆನ್ನುವುದು ಹೇಗೆ? "ಶಿವಪ್ಪ" ಎಂದ ಅಪ್ಪ. "ಶಿವಪ್ಪ" ಎಂದರು ಮಾವ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡರು. "ಸಾಲಿ ಹೆಚ್ಚಿಗಿ ಕಲಿತ್ರ ಹಿಂಗ ನೋಡ್ರಿ ಬೀಗ್ರ" ಎಂದು ಅಪ್ಪ ಶುರುಮಾಡಿದ ಮಾತನ್ನು ಮಾವ ಮಜ್ಜಿಗೆಯವರೆಗೂ ಮುಂದುವರಿಸಿದರು. ಸಂಘರ್ಷ ಬೇರೊಂದು ರೂಪ ತಾಳಿತ್ತು. ಆ ರೂಪ ಬಹುಮಟ್ಟಿಗೆ ನನ್ನನ್ನೇ ಹೋಲುತ್ತಿತ್ತು.

ನಡೆದದ್ದನ್ನು ನಡೆದಂತೆಯೇ ವರದಿಯಲ್ಲಿ ಬರೆದು ಕಳಿಸಿದೆ. 'ಸಂಧಾನಕಾರನ ಪಾತ್ರ ಸ್ಪಷ್ಟವಾಗಿಲ್ಲ' ಎಂದು ಪರೀಕ್ಷಕರು ಷರಾ ಬರೆದರು. ನನಗೂ ಅದು ಸ್ಪಷ್ಟವಾಗಿರಲಿಲ್ಲ. ಗಂಗಾ ಶಿವಪ್ಪನನ್ನು ಎತ್ತಿಕೊಂಡು ಇಳಕಲ್ಲಿಗೆ ಬಂದಳು. ನಾನು ಆ ಪತ್ರಿಕೆಯಲ್ಲಿ ನಪಾಸಾದೆ.