ಉಪ್ಪಿಗೆ ನೀರು ಹಾಕುವ ಮಾಮಾ

ನಮ್ಮ ಮಾಮಾ ದಿನಾ ಬೆಳಿಗ್ಗೆ ಉಪ್ಪಿಗೆ ನೀರು ಹಾಕುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ದುಡಿದವನು ನಾನು. ಕಣ್ಣಾರೆ ಕಾಣದ್ದನ್ನು, ಇಲ್ಲವೇ ಇಬ್ಬರು ಬೇರೆ ಬೇರೆಯಾಗಿ ಹೇಳದ್ದನ್ನು ಬರೆಯುವ ರೂಢಿಯಿಲ್ಲ. ಇದನ್ನು ನಾನೇ ಕಂಡಿದ್ದೇನೆ, ಅಕ್ಕ ಹೇಳಿದ್ದಾಳೆ, ಯಾದಗಿರಿಯ ಅವರ ಓಣಿಯ ಮಂದಿಯೂ ಹೇಳುತ್ತಾರೆ. ಉಳಿದವರು ತುಳಸಿಗೆ ನೀರು ಹಾಕುವ ಹೊತ್ತಿಗೆ ಮಾಮಾ ತಂಬಿಗೆ ಹಿಡಿದು ಕಾಂಪೌಂಡಿನ ಮೂಲೆಗೆ ಹೋಗುತ್ತಾರೆ. ಅಲ್ಲಿ ನೆಲದಿಂದ ಗೇಣುದ್ದ ಮೇಲೆದ್ದ ಒಂದು ಕಬ್ಬಿಣದ ಪೈಪು. ಅದರ ಸುತ್ತ ನೆಲದೊಳಗೆ ಇದ್ದಿಲು ಮತ್ತು ಉಪ್ಪು. ಪೈಪಿನ ಬಾಯಿಗೆ ನೀರು ಸುರಿದು, ಅದು ಇಂಗುವವರೆಗೆ ನಿಂತು ನೋಡುತ್ತಾರೆ.

"ಅಲ್ಲಿ ಏನ್ ಬೆಳೀತದ್ರಿ ಮಾಸ್ತರ್ರ?" ಎಂದು ಪಕ್ಕದ ಮನೆಯವರು ಕೇಳಿದರೆ, "ಕಿಲೋಮೀಟರ್ ರೀ" ಎನ್ನುತ್ತಾರೆ.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಹಾಗೇ ಕರೆಯುವುದು. ಹುಣಸಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಅಕ್ಕನ ಕಚೇರಿ ಯಾದಗಿರಿಯಲ್ಲಿ. ಇಬ್ಬರ ವರ್ಗಾವಣೆಯ ಅರ್ಜಿಗಳೂ ಎಲ್ಲೋ ಒಂದು ಕಪಾಟಿನಲ್ಲಿ ಸುಖವಾಗಿ ಸಂಸಾರ ನಡೆಸುತ್ತಿವೆ. ಹಾಗಾಗಿ ಮಾಮಾ ದಿನಾ ಯಾದಗಿರಿಯಿಂದ ಶಹಾಪುರ, ಸುರಪುರ ದಾಟಿ ಹುಣಸಗಿಗೆ ಹೋಗಿ ಬರಬೇಕು. ಹೋಗುವುದಕ್ಕೆ ತೊಂಬತ್ತೈದು ಕಿಲೋಮೀಟರ್. ಬರುವುದಕ್ಕೂ ಅಷ್ಟೇ ಎಂದರೆ ಅವರು ಒಪ್ಪುವುದಿಲ್ಲ. "ಬರೂಮುಂದ ಎದುರುಗಾಳಿ ಇರ್ತದ ತಮ್ಮಾ. ನೂರಾ ಎರಡಾಗ್ತದ."

ಬಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿ ಬೆನ್ನು ಸವೆದ ಮೇಲೆ ಅವರು ಕರೆಂಟಿನ ಕಾರು ತಂದರು. ಅಂದಿನಿಂದ ಅವರಿಗೆ ದೂರ, ಭಾರ, ಚಳಿ ಎಲ್ಲವೂ ಒಂದೇ ಲೆಕ್ಕ. ಶಹಾಪುರ ಎಷ್ಟು ದೂರ ಎಂದರೆ "ಹದಿಮೂರು ಪರ್ಸೆಂಟ್". ಒಮ್ಮೆ ದಾರಿಯಲ್ಲಿ ಕೈ ಮಾಡಿದ ಒಬ್ಬ ಹೆಣ್ಣುಮಗಳನ್ನು ಹತ್ತಿಸಿಕೊಂಡರು. ಅವಳ ಜೋಳದ ಚೀಲ ನೋಡಿ, "ಯವ್ವಾ, ಇದು ಎರಡು ಕಿಲೋಮೀಟರ್ ಭಾರ ಅದ" ಎಂದರು. ಅವಳು ಚೀಲ ಸರಿಯಾಗಿ ಒಳಗೆ ನೂಕಿ, "ಹಂಗಾದ್ರ ಎರಡು ಕಿಲೋಮೀಟರ್ ಮೊದಲ ಇಳಸ್ರಿ. ನಡಕೊಂಡು ಹೋಗ್ತೀನಿ" ಎಂದಳು. ಮಾಮಾ ಅವಳನ್ನು ಮನೆಯ ಬಾಗಿಲಿಗೇ ಇಳಿಸಿ ಬಂದರು.

ನಮ್ಮದು ಬಿಸಿಲ ನಾಡು ಎಂದು ನಾವೇ ಬರೆದು ಬರೆದು, ಇಲ್ಲಿ ಚಳಿಯೇ ಇಲ್ಲವೆಂದು ಮಂದಿ ನಂಬಿದ್ದಾರೆ. ಸಂಕ್ರಾಂತಿಯ ಆಸುಪಾಸು ಬೆಳಿಗ್ಗೆ ಆರೂವರೆಗೆ ಕಾಲುವೆಯ ದಂಡೆಯ ರಸ್ತೆಗೆ ಬಂದು ನೋಡಲಿ. ಮಾಮಾನ ಕಾರಿನಲ್ಲಿ ಹೀಟರ್ ಇದೆ. ಇದೆ ಅಷ್ಟೆ. "ಹೀಟರ್ ಹಚ್ಚಿದ್ರ ಸುರಪುರ ಮುಂದಕ್ಕ ಸರೀತದ" ಎಂಬುದು ಅವರ ಸಿದ್ಧಾಂತ. ಬದಲಿಗೆ ಹಿಂದಿನ ಸೀಟಿನಲ್ಲಿ ಅಕ್ಕ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ನಾಲ್ಕು ಕೌದಿಗಳಿವೆ. ಹತ್ತಿದವರಿಗೆ ಒಂದೊಂದು. ಜೊತೆಗೆ ಹೋಗುವ ಸಹೋದ್ಯೋಗಿ ಮಾಸ್ತರೊಬ್ಬರು ಕಣ್ಣಷ್ಟೇ ಕಾಣುವಂತೆ ಹೊದ್ದು ಕುಳಿತಿರುತ್ತಾರೆ. ಸುರಪುರದ ಚಹಾದಂಗಡಿಯವ ಮೊದಲ ದಿನ ಓಡಿಬಂದು, "ಯಾರಿಗೇನಾಗ್ಯದ್ರಿ? ದವಾಖಾನಿಗೆ ಹೊಂಟೀರೇನು?" ಎಂದು ಕೇಳಿದನಂತೆ.

ಕೌದಿಯೊಳಗಿಂದ ಉತ್ತರ ಬಂತು: "ಇನ್ನೂ ಆಗಿಲ್ಲ. ಇವರ ಜೊತಿ ಇನ್ನೊಂದು ವಾರ ಬಂದ್ರ ಆಗ್ತದ."

ಇಷ್ಟು ಮಾಡಿದರೂ ಕಾರಿಗೆ ದಾರಿಯಲ್ಲಿ ಚಾರ್ಜು ಬೇಕೇ ಬೇಕು ಎಂದು ಮಾಮಾ ಹೇಳುತ್ತಿದ್ದರು. ಹೀಗಾಗಿ ಶಹಾಪುರ ದಾಟಿದ ಮೇಲೆ ಸಗರದಲ್ಲಿ ತಮ್ಮ ಕಾಕಾನ ಮನೆಯ ಮುಂದೆ ಕಾರು ನಿಲ್ಲಿಸಿ ವೈರ್ ಎಳೆದರು. ಚಾರ್ಜರಿನ ಡಬ್ಬಿಯಲ್ಲಿ ಹಸಿರು ದೀಪ ಹತ್ತಬೇಕಿತ್ತು, ಕೆಂಪು ಹತ್ತಿತು.

"ಕಾಕಾ, ನಿಮ್ಮ ಮನಿ ಕರೆಂಟ್ ಕಾರು ಒಲ್ಲೆ ಅನ್ನಾಕತ್ತದ."

"ಯಾಕ? ನಮ್ಮ ಕರೆಂಟಿಗೆ ಏನಾಗ್ಯದ?"

"ಅರ್ಥಿಂಗ್ ಇಲ್ಲ."

ಮೂರು ತೂತಿನ ಪ್ಲಗ್ಗಿನಲ್ಲಿ ಮೇಲಿನ ದೊಡ್ಡ ತೂತಿನ ವೈರು ನೆಲಕ್ಕೆ ಹೋಗಬೇಕು. ಕರೆಂಟು ಎಲ್ಲಾದರೂ ಸೋರಿದರೆ ಮನುಷ್ಯನ ಮೈ ಬಿಟ್ಟು ಆ ದಾರಿ ಹಿಡಿದು ಮಣ್ಣಿಗೆ ಇಳಿಯಲಿ ಎಂದು. ಆ ವೈರು ಸೇರುವ ಪೈಪನ್ನು ಗುಂಡಿಯಲ್ಲಿ ನಿಲ್ಲಿಸಿ, ಸುತ್ತ ಉಪ್ಪು, ಇದ್ದಿಲು ತುಂಬಿ, ಒಣಗದಂತೆ ನೀರು ಹಾಕುತ್ತಿರಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಆ ತೂತು ಶೋಭೆಗೆ ಇದೆ. ಕಾಕಾನಿಗೆ ವಿಜ್ಞಾನ ತಿಳಿಯಲಿಲ್ಲ, ಅವಮಾನ ತಿಳಿಯಿತು. ಬಂದವರ ಎತ್ತಿಗೂ ಮೇವು ಹಾಕಿ ಕಳಿಸುವ ಮನೆ ಅದು. ಅಂಥ ಮನೆಯ ಬಾಗಿಲಿಂದ ಅಣ್ಣನ ಮಗನ ಕಾರು ಉಪವಾಸ ಹೋಗುವುದೇ! ಮಧ್ಯಾಹ್ನದೊಳಗೆ ಗುದ್ದಲಿ ಬಂತು, ಗುಂಡಿ ಆಯಿತು, ಸಂಜೆಗೆ ಹಸಿರು ದೀಪ ಹತ್ತಿತು.

ಸುದ್ದಿ ಹಬ್ಬಿತು. ಸುರಪುರದ ಇಬ್ಬರು ನೆಂಟರು, "ಸಗರದವರ ಕರೆಂಟ್ ನಡೀತದ, ನಮ್ಮದು ನಡೆಯಂಗಿಲ್ಲೇನು?" ಎಂದು ತಾವಾಗಿ ಗುಂಡಿ ತೋಡಿಸಿದರು. ಹುಣಸಗಿಯಲ್ಲಿ ಮೂರಾದವು. ಕೆಂಭಾವಿಯಲ್ಲಿ ಒಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಎಲ್ಲರೂ ಸ್ಟೀಲ್ ಪಾತ್ರೆ, ಗಡಿಯಾರ ತಂದರೆ ಮಾಮಾ ಒಂದು ಚೀಲ ಉಪ್ಪು, ಒಂದು ಚೀಲ ಇದ್ದಿಲು ಇಳಿಸಿದರು. ಮನೆಯವರು ಕಂಗಾಲಾಗಿ, "ಮಾಸ್ತರ್ರ, ಅಡಿಗಿ ಎಲ್ಲಾ ನಾವ ಮಾಡ್ಸೀವ್ರಿ" ಎಂದರು.

ಎಲ್ಲ ಕಡೆ ಗೆದ್ದ ಮಾಮಾ ಸೋತದ್ದು ಒಂದೇ ಮನೆಯಲ್ಲಿ. ಶಹಾಪುರದ ನಮ್ಮ ಮನೆಯಲ್ಲಿ.

ನಮ್ಮ ಅಂಗಳಕ್ಕೆಲ್ಲ ಅಪ್ಪ ಇದ್ದಾಗ ಹಾಸಿದ ಫರಸಿ ಕಲ್ಲುಗಳಿವೆ. ಗುಂಡಿ ತೋಡಬೇಕೆಂದರೆ ಒಂದು ಕಲ್ಲು ಏಳಬೇಕು. ಅವ್ವ ಬಿಡಲಿಲ್ಲ. ಮಾಮಾ ದಿನಾ ಸಂಜೆ ಊರಿಗೆ ಮರಳುವಾಗ ಕಾರು ನಿಲ್ಲಿಸಿ, ಚಹಾ ಕುಡಿದು, ಅಹವಾಲು ಸಲ್ಲಿಸುತ್ತಿದ್ದರು.

"ಅತ್ತೀ, ಒಂದೇ ಫರಸಿ."

"ಒಂದೇ ಹಲ್ಲು ಅಂತ ನೀವು ಕೀಳಾಕ ಬಾಯಿ ತೆರೀತೀರೇನು ಮಾಸ್ತರ್ರ?"

"ಕಾರು ದಾರ್ಯಾಗ ನಿಂತ್ರ?"

"ನಿಂತ್ರ ಕೌದಿ ಅದಾವಲ್ಲ, ಹೊದ್ಕೊಂಡು ಮಲಗ್ರಿ."

ನಮ್ಮ ಮನೆಗೂ ಒಂದು ಖ್ಯಾತಿಯಿದೆ. ಗೀಜರ್ ಹಚ್ಚಿದಾಗ ಬಚ್ಚಲಿನ ನಲ್ಲಿ ಮುಟ್ಟಿದರೆ ಜುಂ ಎನ್ನುತ್ತದೆ. ಬಂದ ನೆಂಟರಿಗೆ ಟವೆಲು, ಸಬಕಾರದ ಜೊತೆ ಒಂದು ಜೋಡಿ ರಬ್ಬರ್ ಚಪ್ಪಲಿಯನ್ನೂ ಕೊಡುವುದು ನಮ್ಮ ಪದ್ಧತಿ. "ವಿದ್ಯುತ್ ಬಗ್ಗೆ ಸಾರ್ವಜನಿಕರು ಎಚ್ಚರ ವಹಿಸಬೇಕು" ಎಂದು ಮಳೆಗಾಲಕ್ಕೊಮ್ಮೆ ಪತ್ರಿಕೆಯಲ್ಲಿ ಬರೆಯುವ ನಾನು, ಮನೆಯಲ್ಲಿ ಅದೇ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುತ್ತಿದ್ದೆ. ಮಾಮಾ ಹೋಗುವ ಮುಂಚೆ ಮುಖ ತೊಳೆದು ಬಂದು, "ನಲ್ಲಿ ಇವತ್ತ ಜೋರ ಅದ" ಎನ್ನುತ್ತಿದ್ದರು. "ಚಳಿಗಾಲದಾಗ ಅದಕ್ಕೂ ಹುರುಪು" ಎಂದು ಅವ್ವ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಆ ಮಾತಿಗೆ ಮಾತ್ರ ಮಾಮಾ ನಗುತ್ತಿರಲಿಲ್ಲ. "ಯಾರರ ಬರಿಗಾಲಾಗ ಮುಟ್ಟಿದ್ರ ಏನ್ ಮಾಡ್ತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋಗುತ್ತಿದ್ದರು.

ಈ ನಡುವೆ ಸಗರದ ಕಾಕಿ ಒಂದು ದಿನ ಸಂತೆಗೆ ಬಂದವರು ಅವ್ವನ ಮುಂದೆ ದೂರಿದರು. "ಗುಂಡಿ ತೋಡಿಸಿದ, ನಾಕು ದಿನ ಬಂದು ಚಾರ್ಜ್ ಮಾಡಿದ. ಆಮ್ಯಾಲ ನಮ್ಮನಿ ಮುಂದ ಹಾರನ್ ಹೊಡ್ದು ಹೋಗ್ತಾನ ನೋಡ್ರಿ." ಅವ್ವ ಅವರ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ನನ್ನ ಪತ್ರಿಕೆಯ ಮೂಗಿಗೆ ಮಾತ್ರ ವಾಸನೆ ಬಡಿಯಿತು. ಚಾರ್ಜ್ ಬೇಕೇ ಬೇಕೆನ್ನುವ ಕಾರು ಚಾರ್ಜ್ ಸಿಗುವ ಮನೆ ಬಿಟ್ಟು ಹೋಗುವುದೇಕೆ?

ಜನವರಿಯಲ್ಲಿ ಹುಣಸಗಿಯಲ್ಲಿ ನನಗೊಂದು ಕೆಲಸವಿತ್ತು. ಸಂಜೆ ಯಾದಗಿರಿಗೂ ಹೋಗಿ ಅಕ್ಕನನ್ನು ನೋಡಿ ಬರೋಣವೆಂದು ಇಡೀ ದಿನ ಮಾಮಾನ ಕಾರು ಹತ್ತಿದೆ. ಕೌದಿ ಹೊದ್ದು, ಕಣ್ಣನ್ನು ಮಾತ್ರ ಕಾರಿನ ಪರದೆಯ ಮೇಲೆ ಇಟ್ಟೆ. ಬೆಳಿಗ್ಗೆ ಶಹಾಪುರದಲ್ಲಿ ಎಂಬತ್ತೇಳು. ಹುಣಸಗಿಯಲ್ಲಿ ಅರವತ್ನಾಲ್ಕು. ಎಲ್ಲಿಯೂ ವೈರ್ ಎಳೆಯಲಿಲ್ಲ. ಮರಳಿ ಶಹಾಪುರಕ್ಕೆ ನಲವತ್ತೊಂದು. ಯಾದಗಿರಿಯ ಮನೆಯ ಗೇಟಿನ ಮುಂದೆ ಇಪ್ಪತ್ತೆಂಟು.

"ಮಾಮಾ, ಇಪ್ಪತ್ತೆಂಟು ಉಳದದ."

"ಉಳೀತದ."

"ದಿನಾ?"

"ದಿನಾ."

"ಹಂಗಾದ್ರ ಸಗರದ ಗುಂಡಿ ಯಾಕ? ಸುರಪುರದ್ದು ಯಾಕ? ನಮ್ಮ ಫರಸಿ ಹಿಂದ ಯಾಕ ಬಿದ್ದೀರಿ?"

ಮಾಮಾ ಕೆಳಗಿಳಿದು ಕೌದಿ ಮಡಚತೊಡಗಿದರು. ನಾಲ್ಕೂ ಕೌದಿ ಮಡಚಿದ ಮೇಲೆ ಹೇಳಿದರು.

"ನಾ ಸಾಲಿ ಕಲಿಯೂಮುಂದ ನಮ್ಮವ್ವಗ ಕೂಲರಿನ ಕರೆಂಟ್ ಹಿಡೀತು. ಜೀವ ಉಳೀತು. ಬಲಗೈ ಬೆರಳು ಸೆಟದು ಹೋದ್ವು. ಆಮ್ಯಾಲ ನಮ್ಮ ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಕೇಳಲಿಲ್ಲ ತಮ್ಮಾ. ನೌಕರಿ ಹತ್ತಿದ ಮ್ಯಾಲ ಎಲ್ಲಾ ನೆಂಟರ ಮನಿಗೆ ಹೋಗಿ ಹೇಳೀನಿ. ಅರ್ಥಿಂಗ್ ಮಾಡಸ್ರಿ, ಜೀವದ ಮಾತು ಅಂತ. ಎಲ್ಲಾರೂ ಹೂಂ ಅಂದ್ರು, ಚಾ ಕೊಟ್ರು. ಜೀವಕ್ಕ ಅಂದ್ರ ಯಾರೂ ತೋಡಲಿಲ್ಲ. ಕಾರು ಉಪವಾಸ ಅದ ಅಂದ್ರ ಎಲ್ಲಾರೂ ಗುದ್ದಲಿ ಹಿಡದ್ರು."

ಅವರ ಅವ್ವ ಅಕ್ಕನ ಮದುವೆಗೆ ಮುಂಚೆಯೇ ತೀರಿದ್ದರು. ನಮ್ಮಲ್ಲಿ ಯಾರೂ ಆ ಕೈ ನೋಡಿರಲಿಲ್ಲ.

ರಾತ್ರಿಯ ಬಸ್ಸಿಗೆ ಶಹಾಪುರಕ್ಕೆ ಮರಳಿದೆ. ಮರುದಿನ ಬೆಳಿಗ್ಗೆ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ವೃತ್ತಿಜೀವನದ ಮೊದಲ ಸುಳ್ಳು ಸುದ್ದಿ ಒಪ್ಪಿಸಿದೆ. "ನಿನ್ನೆ ಮಾಮಾನ ಕಾರು ಯಾದಗಿರಿ ಹೊರಗ ನಿಂತುಬಿಡ್ತಿತ್ತು. ಅತ್ತಿ ಮನ್ಯಾಗ ಕಾರಿಗೆ ಉಪವಾಸ ಅಂತ ಮಂದಿ ಮಾತಾಡಾಕತ್ತಾರ."

ಅವ್ವ ಬಡಿಯುವುದು ನಿಲ್ಲಿಸಲಿಲ್ಲ. "ನಿನಗ ಸುಳ್ಳು ಹೇಳಾಕ ಬರೂದಿಲ್ಲ, ಬಿಡು. ಆ ಕಾರಿಗೆ ಹಸಿವಿಲ್ಲ ಅಂತ ನಿಮ್ಮಕ್ಕ ಹ್ವಾದ ವರ್ಷನ ಹೇಳ್ಯಾಳ."

"ಮತ್ತ ಫರಸಿ ಯಾಕ ಬಿಡವಲ್ಲಿ?"

"ಸಗರದಾಕಿ ಅಂದದ್ದು ಕೇಳಿಲ್ಲೇನು? ಗುಂಡಿ ಆತು, ಬರೂದು ಬಿಟ್ರು. ನನಗೂ ಒಂದು ಗುಂಡಿ ತೋಡಿ ಹಾರನ್ ಹೊಡ್ದು ಹ್ವಾದ್ರ? ನನ್ನ ಮಗಳು ಉಂಡ್ಲೋ, ಆಕಿ ಮಂಡಿ ನೋವು ಹೆಂಗದ ಅಂತ ದಿನಾ ಸಂಜಿಕ ಎದುರು ಕುಂತು ಯಾರು ಹೇಳ್ತಾರ? ಫೋನಿನಾಗ ಆಕಿ ಎಲ್ಲಾ ಚಲೋ ಅದ ಅಂತಾಳ."

ಆಗ ನಾನು ಮಾಮಾನ ಅವ್ವನ ಬಲಗೈಯ ಸಂಗತಿ ಹೇಳಿದೆ. ರೊಟ್ಟಿಯ ಸಪ್ಪಳ ನಿಂತಿತು. ಅವ್ವ ಹಿಟ್ಟು ಮೆತ್ತಿದ ತನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ತವೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು.

"ಕರೆಂಟಿನವನ್ನ ಕರಿ" ಎಂದಳು. "ಫರಸಿ ಒಡೀಬ್ಯಾಡ ಅನ್ನು. ಎಬ್ಬಿಸಿ ಬದಿಗಿಡ್ಲಿ."

ಗುಂಡಿ ಆದ ದಿನ ಸಂಜೆ ಮಾಮಾ ಕಾರಿನ ವೈರ್ ಎಳೆಯಲಿಲ್ಲ. ನೇರ ಬಚ್ಚಲಿಗೆ ಹೋಗಿ, ಗೀಜರ್ ಹಚ್ಚಿ, ಚಪ್ಪಲಿ ಬಿಟ್ಟು, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ನಲ್ಲಿ ಹಿಡಿದರು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. "ಸುಮ್ಮ ಅದ" ಎಂದರು. ಅವ್ವ ತನ್ನ ಷರತ್ತು ಹೇಳಿದಳು: ಗುಂಡಿ ತೋಡಿಸಿದ ಮೇಲೆ ಕಾರು ದಿನಾ ಉಣ್ಣಬೇಕು.

ಈಗ ಉಪ್ಪಿಗೆ ನೀರು ಹಾಕುವವರ ಸಾಲಿಗೆ ಅವ್ವನೂ ಸೇರಿದ್ದಾಳೆ. ಮಾಮಾನ ಕಾರು ದಿನಾ ಸಂಜೆ ನಲವತ್ತೊಂದು ಪರ್ಸೆಂಟ್ ಹೊತ್ತು ಬಂದು ನಮ್ಮ ಅಂಗಳದಲ್ಲಿ ಎರಡು ಪರ್ಸೆಂಟ್ ಉಂಡು ಹೋಗುತ್ತದೆ. ಅತ್ತೆಯ ಮನೆಯಲ್ಲಿ ಹಸಿವಿಲ್ಲ ಎನ್ನುವುದುಂಟೆ?

ಮೊನ್ನೆ ಅವರು ಬಂದಾಗ ಊರಿಗೇ ಕರೆಂಟಿರಲಿಲ್ಲ. ಮಾಮಾ ಎದ್ದು ಹೋಗಬಹುದಿತ್ತು. ಅಡುಗೆಮನೆಯ ಗೋಡೆಗೆ ಒರಗಿ ಕುಳಿತೇ ಇದ್ದರು. ಒಳಗೆ ಅವ್ವ ಮಗಳಿಗೆ ಕಟ್ಟಿಕೊಡಲು ರೊಟ್ಟಿ ಬಡಿಯುತ್ತಿದ್ದಳು. ಅಷ್ಟರಲ್ಲಿ ಅಕ್ಕನ ಫೋನು ಬಂತು. ಯಾಕೆ ತಡ ಎಂದು ಕೇಳಿರಬೇಕು.

ಮಾಮಾ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಚಾರ್ಜ್ ಆಗಾಕತ್ತದ. ಇನ್ನೂ ನಾಕು ರೊಟ್ಟಿ ಅದಾವ."